ಹಳೆಯ ಪವರ್ಡ್ ಸಬ್‌ವೂಫರ್ ಕೈಕೊಟ್ಟರೆ: ಸ್ಕ್ರೂ ಬಿಚ್ಚುವ ಮುಂಚೆ, ಬಿಚ್ಚಿದ ಮೇಲೆ

ಸೆಕೆಂಡ್‌ಹ್ಯಾಂಡ್ ಸಬ್‌ವೂಫರ್ (ಬೇಸ್, ಅಂದರೆ ತೀರ ಕೆಳಗಿನ ಸದ್ದಿಗೆಂದೇ ಇರುವ ಸ್ಪೀಕರ್) ಮಾರುವವರೆಲ್ಲ ಹೇಳುವ ಮಾತು ಒಂದೇ: "ನಮ್ಮನೇಲಿ ಚೆನ್ನಾಗೇ ಇತ್ತು." ಎಷ್ಟೋ ಸಲ ಅದು ಸುಳ್ಳೂ ಅಲ್ಲ. ಆದರೆ ನಮ್ಮ ಮನೆಗೆ ಬಂದು, ವೈರ್ ಚುಚ್ಚಿ, ಸ್ವಿಚ್ ಒತ್ತಿದ ಕೂಡಲೇ ಒಂದೋ ಅದು ಮೂಕಾಗಿ ಕೂರುತ್ತದೆ, ಇಲ್ಲವೇ ಗುಂಯ್ ಎಂದು ಶುರು ಹಚ್ಚಿಕೊಳ್ಳುತ್ತದೆ. ಆಗ ಕೈ ತಾನಾಗಿಯೇ ಸ್ಕ್ರೂಡ್ರೈವರ್ ಕಡೆ ಹೋಗುತ್ತದೆ.

ಸ್ವಲ್ಪ ತಡೆಯಿರಿ. ತಡೆಯದೆ ನಾನು ಒಂದು ಮಧ್ಯಾಹ್ನ ಪೂರ್ತಿ ಕಳೆದಿದ್ದೇನೆ. ಹತ್ತು ಸ್ಕ್ರೂ ಬಿಚ್ಚಿ, ಬೋರ್ಡ್ ಹೊರಗೆಳೆದು, ಒಂದೊಂದೇ ಕೆಪಾಸಿಟರ್ (ಕರೆಂಟ್ ಕೂಡಿಟ್ಟುಕೊಳ್ಳುವ ಡಬ್ಬಿಯಂಥ ಭಾಗ) ತಡವುತ್ತಾ ಕೂತಿದ್ದೆ. ಕೊನೆಗೆ ನೋಡಿದರೆ ರಿಸೀವರ್‌ನ (ಟಿವಿ, ಪ್ಲೇಯರ್‌ಗಳ ಸದ್ದನ್ನು ಸ್ಪೀಕರ್‌ಗಳಿಗೆ ಹಂಚುವ ಸಾಧನ) ಮೆನುವಿನಲ್ಲಿ ಸಬ್‌ವೂಫರ್ 'ಇಲ್ಲ' ಎಂದು ಸೆಟ್ ಆಗಿತ್ತು. ಸಬ್‌ಗೆ ಏನೂ ಆಗಿರಲಿಲ್ಲ.

ಪವರ್ಡ್ ಸಬ್ ಅಂದರೆ ಒಂದೇ ಪೆಟ್ಟಿಗೆಯಲ್ಲಿ ಮೂರು ವಸ್ತು. ಹಿಂದಿನ ಲೋಹದ ಪ್ಲೇಟಿಗೆ ಅಂಟಿಕೊಂಡ ಆಂಪ್ಲಿಫೈಯರ್ (ಸಿಗ್ನಲ್ ದೊಡ್ಡದು ಮಾಡುವ ಆಂಪ್), ಮುಂದೆ ಅಥವಾ ಕೆಳಗೆ ಮುಖ ಮಾಡಿದ ಡ್ರೈವರ್ (ಸದ್ದು ಹೊರಡಿಸುವ ಸ್ಪೀಕರ್), ಮತ್ತೆ ಆ ಮರದ ಪೆಟ್ಟಿಗೆ. ಇವಕ್ಕೆ ಹೊರಗಿನಿಂದ ಸೇರುವುದು ಎರಡು: ಕೇಬಲ್ ಮತ್ತು ಅದಕ್ಕೆ ಸಿಗ್ನಲ್ ಕೊಡುವ ಸಾಧನ. ಒಟ್ಟು ಐದು ಅನುಮಾನಿತರು. ನಾವು ಮಾಡುವ ಪ್ರತಿ ಪರೀಕ್ಷೆಯೂ ಇವರಲ್ಲಿ ಒಬ್ಬರನ್ನಾದರೂ ಪಟ್ಟಿಯಿಂದ ಬಿಡಿಸಬೇಕು. ಯಾರನ್ನೂ ಬಿಡಿಸದ ಪರೀಕ್ಷೆ ಸುಮ್ನೆ ಕಾಲಹರಣ.

1. ಪ್ಲಗ್ ಹಾಕುವ ಮುಂಚೆ ಕಣ್ಣು, ಕೈ, ಮೂಗು

ಮೊದಲು ಹಿಂದಿನ ಪ್ಲೇಟಿನ ಬರಹ ಓದಿ. ಎಷ್ಟು ವೋಲ್ಟ್‌ಗೆ ಮಾಡಿದ್ದು ಎಂದು ಅಲ್ಲಿರುತ್ತದೆ. ಬೇರೆ ದೇಶದಿಂದ ಬಂದ ಸಬ್ ಆದರೆ ಇದನ್ನು ಬಿಡಲೇಬೇಡಿ. 120 ವೋಲ್ಟ್‌ಗೆ ಮಾಡಿದ್ದನ್ನು 230ಕ್ಕೆ ಚುಚ್ಚಿದರೆ ಕತೆ ಅಲ್ಲಿಗೇ ಮುಗಿಯಬಹುದು. ಕೆಲವಕ್ಕೆ 115 ಮತ್ತು 230 ಎಂದು ಬದಲಿಸುವ ಪುಟ್ಟ ಸ್ವಿಚ್ ಇರುತ್ತದೆ. ಅದು ಸರಿಯಾದ ಕಡೆಗಿದೆಯಾ ನೋಡಿ.

ಆಮೇಲೆ ಜಾಲರಿ ತೆಗೆದು ಕೋನ್, ಅಂದರೆ ಡ್ರೈವರ್‌ನ ನಡುವೆ ಅಲುಗುವ ಬಟ್ಟಲಿನಂಥ ಭಾಗ ನೋಡಿ. ಕೋನ್‌ನ ಅಂಚಿಗೆ ಸುತ್ತಲೂ ಉಬ್ಬಿದ ಪಟ್ಟಿ ಇರುತ್ತದಲ್ಲ, ಅದೇ ಸರೌಂಡ್. ರಬ್ಬರಿನದಾದರೆ ತುಂಬ ವರ್ಷ ಬಾಳುತ್ತದೆ. ಫೋಮ್ ಆದರೆ 15–20 ವರ್ಷಕ್ಕೆ ಪುಡಿಯಾಗತೊಡಗುತ್ತದೆ. ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ. ಅಂಟಂಟಾಗಿದ್ದರೆ, ಉದುರಿದರೆ, ಬಿರುಕು ಕಂಡರೆ ಒಂದು ದೋಷ ಆಗಲೇ ಸಿಕ್ಕಂತೆ.

ಈಗ ಎರಡೂ ಕೈಯ ಬೆರಳುಗಳನ್ನು ಕೋನ್‌ನ ಮೇಲೆ ಎದುರುಬದುರಾಗಿ ಇಟ್ಟು, ಸಮನಾಗಿ, ನಿಧಾನವಾಗಿ ಒಳಗೆ ತಳ್ಳಿ ಬಿಡಿ. ಮೆತ್ತಗೆ ಹೋಗಿ ಮೆತ್ತಗೆ ಬರಬೇಕು. ಕರಕರ ಎಂದು ಕೆರೆದ ಸದ್ದು ಬಂದರೆ ಒಳಗಿನ ವಾಯ್ಸ್ ಕಾಯಿಲ್ (ಕೋನ್ ಅಲುಗಿಸುವ ತಂತಿಯ ಸುರುಳಿ) ಅಯಸ್ಕಾಂತಕ್ಕೆ ಉಜ್ಜುತ್ತಿದೆ. ಕೋನ್ ಅಲ್ಲಾಡದೆ ಗಟ್ಟಿಯಾಗಿ ಕೂತಿದ್ದರೆ ಸಾಗಿಸುವಾಗ ಬಿದ್ದು ಅಯಸ್ಕಾಂತ ಜರುಗಿರಬಹುದು, ಇಲ್ಲವೇ ಕಾಯಿಲ್ ಸುಟ್ಟು ಉಬ್ಬಿರಬಹುದು. ಒಂದೇ ಬದಿಯಿಂದ ತಳ್ಳಬೇಡಿ. ಒಳ್ಳೆಯ ಡ್ರೈವರ್ ಕೂಡ ಹಾಗೆ ತಳ್ಳಿದರೆ ಉಜ್ಜುತ್ತದೆ.

ಕೊನೆಗೆ ಪ್ಲೇಟಿನ ಹತ್ತಿರ ಮೂಗು. ಸುಟ್ಟ ವಾಸನೆ ತಿಂಗಳುಗಟ್ಟಲೆ ಉಳಿಯುತ್ತದೆ. ನಗಬೇಡಿ, ಇದು ನಿಜಕ್ಕೂ ಕೆಲಸಕ್ಕೆ ಬರುತ್ತದೆ.

2. ದೀಪವೇ ಹತ್ತದಿದ್ದರೆ

ಪವರ್ ಕಾರ್ಡ್ ಬದಲಿಸಿ ನೋಡಿ. ಗೋಡೆಯ ಸಾಕೆಟ್‌ಗೆ ಬೇರೆ ಏನಾದರೂ ಚುಚ್ಚಿ ನೋಡಿ. ಎರಡೂ ಸರಿಯಿದ್ದರೆ ಫ್ಯೂಸ್. ಕಾರ್ಡ್ ಚುಚ್ಚುವ ಜಾಗದ ಪಕ್ಕದಲ್ಲೇ ಚಿಕ್ಕ ಮುಚ್ಚಳದೊಳಗೆ ಅದು ಇರುತ್ತದೆ. ಕೆಲವು ಸಬ್‌ಗಳಲ್ಲಿ ಮಾತ್ರ ಒಳಗೆ ಬೋರ್ಡಿನ ಮೇಲೆ. ಕಾರ್ಡ್ ಪೂರ್ತಿ ಕಿತ್ತಿಟ್ಟ ಮೇಲೆ ಫ್ಯೂಸ್ ತೆಗೆದು ಮಲ್ಟಿಮೀಟರ್‌ನ ಬೀಪ್ ಸದ್ದಿನಲ್ಲಿ ಪರೀಕ್ಷಿಸಿ. ಕಣ್ಣಿಗೆ ಸರಿ ಕಂಡ ಫ್ಯೂಸ್ ಕೂಡ ಹೋಗಿರಬಹುದು.

ಹೊಸದು ಹಾಕುವಾಗ ಅದೇ ಆಂಪಿಯರ್, ಅದೇ ವೋಲ್ಟ್, ಅದೇ ಅಕ್ಷರ. 'ಟಿ' ಅಂದರೆ ನಿಧಾನಕ್ಕೆ ಸುಡುವುದು, 'ಎಫ್' ಅಂದರೆ ಬೇಗ ಸುಡುವುದು. ಆನ್ ಮಾಡಿದ ಕ್ಷಣ ಸಬ್ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ. 'ಟಿ' ಇದ್ದ ಕಡೆ 'ಎಫ್' ಹಾಕಿದರೆ ಯಾವ ದೋಷವೂ ಇಲ್ಲದೆ ಅದು ಹಾರಬಹುದು. ದೊಡ್ಡ ಫ್ಯೂಸ್ ಹಾಕುವುದು, ತಂತಿ ಸುತ್ತುವುದು, ಬೆಳ್ಳಿ ಕಾಗದ ತುರುಕುವುದು ಬೇಡ. ಫ್ಯೂಸ್ ಸುಡುವ ಬದಲು ಸಬ್ ಸುಡುತ್ತದೆ, ಅಷ್ಟೇ.

ಹೊಸ ಫ್ಯೂಸ್ ಹಾಕಿದ ಕ್ಷಣವೇ ಹಾರಿತಾ? ಇನ್ನೊಂದು ಹಾಕಬೇಡಿ. ಒಳಗೆ ಶಾರ್ಟ್ ಇದೆ. ಬಹುಪಾಲು ಅದು ಔಟ್‌ಪುಟ್ ಟ್ರಾನ್ಸಿಸ್ಟರ್ (ಡ್ರೈವರ್‌ಗೆ ಕರೆಂಟ್ ಕೊಡುವ ಭಾಗ) ಅಥವಾ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್. ನೇರ 6ನೇ ಹಂತಕ್ಕೆ ಹೋಗಿ.

3. ದೀಪ ಇದೆ, ಸದ್ದಿಲ್ಲ

ಇಲ್ಲಿ ನನ್ನ ಅಚ್ಚುಮೆಚ್ಚಿನ ಸಾಧನ ಮೊಬೈಲ್. ಟಿವಿ, ರಿಸೀವರ್, ಅವುಗಳ ಕೇಬಲ್ ಎಲ್ಲವನ್ನೂ ಕಿತ್ತು ಪಕ್ಕಕ್ಕಿಡಿ. ಒಂದು ಕಡೆ 3.5 ಎಂಎಂ ಪಿನ್, ಇನ್ನೊಂದು ಕಡೆ ಆರ್‌ಸಿಎ ಪಿನ್ (ಸಬ್‌ನ ಹಿಂದಿನ ದುಂಡು ಸಾಕೆಟ್‌ಗೆ ಕೂರುವಂಥದ್ದು) ಇರುವ ಕೇಬಲ್ ಸಾಕು. ಮೊಬೈಲ್‌ನಲ್ಲಿ ಟೋನ್ ಜನರೇಟರ್ ಆಪ್ ಹಾಕಿ, 50 ಹರ್ಟ್ಸ್ ಇಟ್ಟು, ಸಬ್‌ಗೆ ಚುಚ್ಚಿ. ಸಬ್‌ನ ವಾಲ್ಯೂಮ್ ಕಾಲು ಭಾಗ. ಕ್ರಾಸ್‌ಓವರ್ ನಾಬ್ (ಎಷ್ಟು ಹರ್ಟ್ಸ್‌ಗಿಂತ ಮೇಲಿನ ಸದ್ದು ಕತ್ತರಿಸಬೇಕು ಎಂದು ಹೇಳುವುದು) ಕೊನೆಯವರೆಗೆ. 'ಆಟೋ' ಸ್ವಿಚ್ ಇದ್ದರೆ ಅದನ್ನು 'ಆನ್'ಗೆ ತನ್ನಿ. ಈಗ ಮೊಬೈಲ್ ವಾಲ್ಯೂಮ್ ಸೊನ್ನೆಯಿಂದ ಏರಿಸುತ್ತಾ ಹೋಗಿ.

ಸದ್ದು ಬಂತು ಅಂದರೆ ಆಂಪ್, ಡ್ರೈವರ್ ಎರಡೂ ಬದುಕಿವೆ. ತಪ್ಪು ಹೊರಗಿದೆ. ಕೇಬಲ್ ಬದಲಿಸಿ. ರಿಸೀವರ್‌ನಲ್ಲಿ ಸಬ್‌ವೂಫರ್ 'ಹೌದು' ಎಂದಿರಬೇಕು, ಮುಖ್ಯ ಸ್ಪೀಕರ್‌ಗಳು 'ಸ್ಮಾಲ್' ಎಂದಿರಬೇಕು. 'ಲಾರ್ಜ್' ಎಂದಿದ್ದರೆ ಎಷ್ಟೋ ರಿಸೀವರ್‌ಗಳು ಸಂಗೀತದ ಬೇಸ್ ಪೂರ್ತಿ ಆ ಸ್ಪೀಕರ್‌ಗಳಿಗೇ ಕಳಿಸಿ, ಸಬ್‌ಗೆ ಸಿನಿಮಾದ ಎಲ್‌ಎಫ್‌ಇ (ಆಳದ ಸದ್ದಿಗೆಂದೇ ಇರುವ ಬೇರೆ ಚಾನೆಲ್) ಮಾತ್ರ ಬಿಡುತ್ತವೆ. ಹಾಡಿಗೆ ಸಬ್ ಮೂಕ, ಸಿನಿಮಾಗೆ ಸರಿ ಅನ್ನುವವರ ಕತೆ ಬಹುಪಾಲು ಇದೇ. ಕ್ರಾಸ್‌ಓವರ್‌ಗೆ 80 ಹರ್ಟ್ಸ್ ಒಳ್ಳೆಯ ಶುರು. ರಿಸೀವರ್ ಆ ಕೆಲಸ ಮಾಡುತ್ತಿದ್ದರೆ ಸಬ್‌ನ ನಾಬ್ ಕೊನೆಗೇ ಇರಲಿ. ಎರಡು ಕಡೆಯೂ 80ಕ್ಕೆ ಕತ್ತರಿಸಿದರೆ ಬೇಸ್ ಸೊರಗುತ್ತದೆ.

ರಾತ್ರಿ ಮೆಲ್ಲಗೆ ಕೇಳುವಾಗ ಸಬ್ ನಿದ್ದೆ ಹೋಗುತ್ತದೆ ಎಂಬ ದೂರೂ ಇಲ್ಲಿಗೇ ಸೇರಿದ್ದು. 'ಆಟೋ'ದಲ್ಲಿರುವ ಸಬ್ ಏಳಲು ಒಳಬರುವ ಸಿಗ್ನಲ್ ಒಂದು ಮಟ್ಟ ದಾಟಬೇಕು. ರಿಸೀವರ್‌ನಲ್ಲಿ ಸಬ್ ಲೆವೆಲ್ ಏರಿಸಿ, ಸಬ್‌ನ ನಾಬ್ ಅಷ್ಟೇ ಇಳಿಸಿ. ಕೇಳುವ ಸದ್ದು ಅಷ್ಟೇ ಇರುತ್ತದೆ, ಸಬ್ ಮಾತ್ರ ಎಚ್ಚರವಾಗಿರುತ್ತದೆ.

ಮೊಬೈಲ್‌ಗೂ ಉಸಿರೆತ್ತದಿದ್ದರೆ ಇನ್ನೊಂದು ಇನ್‌ಪುಟ್ ಪ್ರಯತ್ನಿಸಿ. ಎಲ್‌ಎಫ್‌ಇ, ಎಡ, ಬಲ ಎಲ್ಲಕ್ಕೂ ಚುಚ್ಚಿ ನೋಡಿ. ನಾಬ್‌ಗಳನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ತಿರುಗಿಸಿ. ವರ್ಷಗಟ್ಟಲೆ ಮುಟ್ಟದ ವಾಲ್ಯೂಮ್ ನಾಬ್‌ನೊಳಗೆ ಕಿಲುಬು ಕೂತಿರುತ್ತದೆ. ಬರಬರ ಸದ್ದು ಬಂದರೆ ಆಮೇಲೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರಾಯಿತು. ಬಾಗಿಲ ಕೀಲಿಗೆ ಹಾಕುವ ಎಣ್ಣೆ ಮಾತ್ರ ಬೇಡ.

4. ಗುಂಯ್ ಸದ್ದು

ಹಳೆಯ ಸಬ್‌ಗಳ ಮೇಲೆ ಅತಿ ಹೆಚ್ಚು ಬರುವ ದೂರು ಇದು. ಇದನ್ನೇ ಅತಿ ಹೆಚ್ಚು ತಪ್ಪಾಗಿ ಅರ್ಥ ಮಾಡಿಕೊಳ್ಳುವುದೂ ಉಂಟು. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಸಿಗ್ನಲ್ ಕೇಬಲ್ ಪೂರ್ತಿ ಕಿತ್ತುಬಿಡಿ. ಸಬ್ ಆನ್ ಇರಲಿ. ಗುಂಯ್ ನಿಂತಿತಾ? ಹಾಗಾದರೆ ಬಹುಪಾಲು ಸಬ್‌ನ ತಪ್ಪಲ್ಲ. ನಿಲ್ಲಲಿಲ್ಲವಾ? ತಪ್ಪು ಒಳಗಿದೆ. ಅರ್ಧ ನಿಮಿಷದ ಈ ಪರೀಕ್ಷೆ ಮಾಡದೆ ಕೆಪಾಸಿಟರ್ ಕೊಳ್ಳುವವರು ತುಂಬ ಜನ.

ಕೇಬಲ್ ಕಿತ್ತಾಗ ನಿಂತರೆ, ಈಗ ಮೊಬೈಲ್ ಚುಚ್ಚಿ. ಚಾರ್ಜರ್ ಇರಬಾರದು. ಮೊಬೈಲ್ ಬ್ಯಾಟರಿಯಲ್ಲಿ ಓಡುತ್ತದೆ, ಗೋಡೆಗೆ ಸಂಬಂಧವೇ ಇಲ್ಲ. ಮೊಬೈಲ್‌ನಲ್ಲಿ ನಿಶ್ಶಬ್ದ, ರಿಸೀವರ್‌ಗೆ ಹಾಕಿದರೆ ಗುಂಯ್ ಅಂದರೆ ಅದು ಗ್ರೌಂಡ್ ಲೂಪ್. ಆಗುವುದೇನೆಂದರೆ, ಸಬ್ ಮತ್ತು ರಿಸೀವರ್ ಎರಡೂ ಗೋಡೆಯ ಅರ್ಥ್ ವೈರಿನಿಂದ ಒಮ್ಮೆ ಸೇರಿಕೊಂಡಿವೆ, ಸಿಗ್ನಲ್ ಕೇಬಲ್‌ನ ಹೊರ ಹೆಣಿಗೆಯಿಂದ ಇನ್ನೊಮ್ಮೆ. ಒಂದು ಸುತ್ತು ಪೂರ್ತಿಯಾಯಿತು. ಆ ಸುತ್ತಿನಲ್ಲಿ ಪುಟ್ಟ ಕರೆಂಟ್ ಹರಿಯುತ್ತದೆ, ಸಬ್ ಅದನ್ನೇ ಸಂಗೀತ ಅಂದುಕೊಂಡು ದೊಡ್ಡದು ಮಾಡುತ್ತದೆ.

ಬಿಡಿಸುವುದು ಹೀಗೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿ. ಹೋಗದಿದ್ದರೆ ಟಿವಿ ಅಥವಾ ಸೆಟ್‌ಟಾಪ್ ಬಾಕ್ಸ್‌ಗೆ ಬರುವ ಕೇಬಲ್ ಟಿವಿಯ ದಪ್ಪ ವೈರ್ ಬಿಚ್ಚಿ ನೋಡಿ. ಬೀದಿಯಿಂದ ಬರುವ ಆ ವೈರ್‌ಗೆ ಬೇರೆ ಕಡೆ ಅರ್ಥಿಂಗ್ ಇರುವುದರಿಂದ ಅದೇ ಕಳ್ಳ ಆಗಿರುವುದು ತೀರ ಸಾಮಾನ್ಯ. ಅದೂ ಅಲ್ಲದಿದ್ದರೆ ಸಿಗ್ನಲ್ ಕೇಬಲ್‌ನ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಐಸೊಲೇಟರ್ ಹಾಕಬಹುದು. ಆದರೆ ಚಿಕ್ಕ, ಅಗ್ಗದ ಐಸೊಲೇಟರ್‌ಗಳು ತೀರ ಕೆಳಗಿನ ಬೇಸ್ ನುಂಗುತ್ತವೆ. ಸಬ್‌ಗೆ ಬೇಕಾದದ್ದೇ ಅದಲ್ವಾ?

ಕೆಲವರು ಪ್ಲಗ್‌ನ ಅರ್ಥ್ ಪಿನ್ ಮುರಿಯಿರಿ ಎಂದು ಸಲಹೆ ಕೊಡುತ್ತಾರೆ. ಗುಂಯ್ ಹೋಗುತ್ತದೆ, ನಿಜ. ಒಳಗೆ ಎಂದಾದರೂ ವೈರ್ ಪ್ಲೇಟಿಗೆ ತಾಗಿದರೆ ಆ ಲೋಹದ ಪ್ಲೇಟ್ ಮುಟ್ಟಿದವರ ಜೀವವೂ ಹೋಗಬಹುದು. ಯಾವತ್ತೂ ಮಾಡಬೇಡಿ.

ಕೇಬಲ್ ಅಲುಗಿಸಿದಾಗ ಸದ್ದು ಏರಿಳಿದರೆ ಲೂಪ್ ಅಲ್ಲ, ಕೇಬಲ್‌ನ ಹೊರ ಹೆಣಿಗೆ ಕಿತ್ತಿದೆ ಅಥವಾ ಸಬ್‌ನ ಆರ್‌ಸಿಎ ಸಾಕೆಟ್‌ನ ಬೆಸುಗೆ ಬಿಟ್ಟಿದೆ.

ಕೇಬಲ್ ಇಲ್ಲದೆಯೂ ಗುಂಯ್ ಅನ್ನುವ ಸಬ್ ಆದರೆ ಮೊದಲು ಕೋನ್ ಮೇಲೆ ಬೆರಳಿಡಿ. ಕೋನ್ ಸುಮ್ಮನಿದ್ದು ಹಿಂದಿನ ಪ್ಲೇಟ್ ನಡುಗುತ್ತಿದ್ದರೆ ಅದು ಟ್ರಾನ್ಸ್‌ಫಾರ್ಮರ್‌ನದೇ ನಡುಕ. ಅದರ ನಟ್ಟು ಬಿಗಿ ಮಾಡಿದರೆ ಕಡಿಮೆಯಾಗಬಹುದು. ಕೋನ್ ನಡುಗುತ್ತಿದ್ದರೆ ಸದ್ದಿನ ಎತ್ತರ, ಅಂದರೆ ಅದು ಎಷ್ಟು ಹರ್ಟ್ಸ್ ಎಂದು ಅಳೆಯಿರಿ. ಇಯರ್‌ಫೋನ್ ಹಾಕಿ ಆಪ್‌ನಲ್ಲಿ 50, ಆಮೇಲೆ 100 ಹರ್ಟ್ಸ್ ಕೇಳಿ, ಸಬ್‌ನ ಸದ್ದು ಯಾವುದಕ್ಕೆ ಹೊಂದುತ್ತದೆ ನೋಡಿ. 60 ಹರ್ಟ್ಸ್ ಕರೆಂಟ್ ಇರುವ ದೇಶಗಳಲ್ಲಿ 60 ಮತ್ತು 120. ಎರಡು ಪಟ್ಟಿನ ಒರಟು ಸದ್ದು ಹೊಂದಿದರೆ ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳು ಒಣಗಿರುವ ಸಾಧ್ಯತೆ ಜಾಸ್ತಿ. ಎಸಿಯನ್ನು ಡಿಸಿ ಮಾಡಿದಾಗ ಉಳಿಯುವ ಏರಿಳಿತ ಆ ಎತ್ತರದ್ದೇ.

5. ಆಂಪ್ ಸತ್ತಿದೆಯಾ, ಡ್ರೈವರ್ ಸತ್ತಿದೆಯಾ

ಈಗ ಸ್ಕ್ರೂಡ್ರೈವರ್ ಎತ್ತಿಕೊಳ್ಳಬಹುದು. ಕಾರ್ಡ್ ಕಿತ್ತು, ಅರ್ಧ ಗಂಟೆ ಬಿಟ್ಟು, ಡ್ರೈವರ್‌ನ ಸುತ್ತಲಿನ ಸ್ಕ್ರೂ ಬಿಚ್ಚಿ. ಡ್ರೈವರ್ ಭಾರ ಇರುತ್ತದೆ, ಪೆಟ್ಟಿಗೆ ಮಲಗಿಸಿಕೊಂಡು ಎತ್ತಿ. ಸ್ಕ್ರೂಡ್ರೈವರ್ ಗಟ್ಟಿಯಾಗಿ ಹಿಡಿಯಿರಿ. ಅಯಸ್ಕಾಂತ ಅದನ್ನು ಎಳೆದು ಕೋನ್‌ಗೆ ತೂತು ಮಾಡುವುದು ಅನುಭವಸ್ಥರಿಗೂ ತಪ್ಪಿದ್ದಲ್ಲ. ಎರಡು ವೈರ್‌ಗಳ ಬಣ್ಣ, ಜಾಗದ ಫೋಟೋ ತೆಗೆದುಕೊಂಡು ಬಿಚ್ಚಿ.

ಮಲ್ಟಿಮೀಟರ್ ಓಂನಲ್ಲಿಡಿ. ಮೊದಲು ಎರಡೂ ಕಡ್ಡಿ ಒಂದಕ್ಕೊಂದು ತಾಗಿಸಿ, ಅದು ತೋರಿಸುವ ಚಿಲ್ಲರೆ ಅಂಕಿ ನೆನಪಿಟ್ಟುಕೊಂಡು ಕಳೆಯಿರಿ. 4 ಓಂ ಡ್ರೈವರ್ ಸುಮಾರು 3ರಿಂದ 3.7, 8 ಓಂನದು ಸುಮಾರು 5.5ರಿಂದ 7 ತೋರಿಸುತ್ತದೆ. ಕಡಿಮೆ ಬಂತೆಂದು ಗಾಬರಿ ಬೇಡ, ಮೀಟರ್ ಅಳೆಯುವುದು ಡಿಸಿ ರೆಸಿಸ್ಟೆನ್ಸ್ ಮಾತ್ರ. ಏನೂ ತೋರಿಸದಿದ್ದರೆ ಕಾಯಿಲ್ ಅಥವಾ ಕೋನ್‌ಗೆ ಹೋಗುವ ಹೆಣೆದ ತಂತಿ ತುಂಡಾಗಿದೆ. ಒಂದು ಓಂಗಿಂತ ಕೆಳಗೆ ಬಂದರೆ ಶಾರ್ಟ್. ಎರಡು ಕಾಯಿಲ್ ಇರುವ ಡ್ರೈವರ್ ಆದರೆ ಎರಡನ್ನೂ ಬೇರೆಬೇರೆ ಅಳೆಯಿರಿ.

ಮೀಟರ್ ಇಲ್ಲವಾ? ರಿಮೋಟ್‌ನಿಂದ ಒಂದು 1.5 ವೋಲ್ಟ್ ಸೆಲ್ ತೆಗೆಯಿರಿ. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್, ಒಂದು ಕ್ಷಣ ಮುಟ್ಟಿಸಿ. 'ಟಪ್' ಎಂದು ಕೋನ್ ಹೊರಗೆ ಬಂದರೆ ಡ್ರೈವರ್ ಬದುಕಿದೆ. ಉಲ್ಟಾ ಮುಟ್ಟಿಸಿದರೆ ಒಳಗೆ ಹೋಗುತ್ತದೆ, ತಪ್ಪೇನಿಲ್ಲ.

ಆಂಪ್‌ನ ಸರದಿ. ಆಂಪ್‌ನ ಎರಡು ಸ್ಪೀಕರ್ ವೈರ್‌ಗಳು ಡ್ರೈವರ್‌ನಿಂದ ಬಿಟ್ಟಿವೆ. ಕರೆಂಟ್ ಇಲ್ಲದಾಗಲೇ ಅವಕ್ಕೆ ಮೀಟರ್‌ನ ಕ್ಲಿಪ್ ಸಿಕ್ಕಿಸಿ, ಒಂದಕ್ಕೊಂದು ತಾಗದಂತೆ ಇಡಿ, ಕೈ ದೂರ ತೆಗೆದು ಆನ್ ಮಾಡಿ, ಡಿಸಿ ವೋಲ್ಟ್ ನೋಡಿ. 50 ಮಿಲಿವೋಲ್ಟ್‌ನೊಳಗೆ ಇದ್ದರೆ ಚೆಂದ. ಹಲವು ವೋಲ್ಟ್ ಇದ್ದರೆ ಔಟ್‌ಪುಟ್ ಹೋಗಿದೆ. ಈ ಆಂಪ್‌ಗೆ ಒಳ್ಳೆಯ ಡ್ರೈವರ್ ಕಟ್ಟಿದರೆ ಅದನ್ನೂ ಸುಡುತ್ತದೆ. ಡ್ರೈವರ್ ಬಿಟ್ಟಾಗ ನೆಟ್ಟಗಿದ್ದು, ಕಟ್ಟಿದಾಗ ಕೆಂಪು ದೀಪ ಹಾಕಿ ಮಲಗಿದರೆ ಡ್ರೈವರ್ ಶಾರ್ಟ್.

6. ಪ್ಲೇಟ್ ಬಿಚ್ಚಿದ ಮೇಲೆ

ಇಲ್ಲಿ ಹುಷಾರು. 230 ವೋಲ್ಟ್ ಸಾಲಿನ ಮೇಲೆ ಓಡುವ ಸ್ವಿಚಿಂಗ್ ಸಪ್ಲೈಯ (ದೊಡ್ಡ ಟ್ರಾನ್ಸ್‌ಫಾರ್ಮರ್ ಇಲ್ಲದೆ ಆಂಪ್‌ಗೆ ಕರೆಂಟ್ ಒದಗಿಸುವ ಭಾಗ) ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ಕೂತಿರುತ್ತದೆ. ಪ್ಲಗ್ ಕಿತ್ತರೂ ಅದು ಉಳಿದಿರಬಹುದು. ಮೀಟರ್‌ನಲ್ಲಿ ಅಳೆಯದೆ ಬೆರಳು ಹಾಕಬೇಡಿ. ಉಳಿದಿದ್ದರೆ ಸುಮಾರು 5 ಕಿಲೋಓಂ, 5 ವ್ಯಾಟ್‌ನ ರೆಸಿಸ್ಟರ್ ಒಂದನ್ನು ಇನ್ಸುಲೇಷನ್ ಇರುವ ಕ್ಲಿಪ್‌ಗಳಿಂದ ಹಿಡಿದು ಹಲವು ಸೆಕೆಂಡ್ ತಾಗಿಸಿ, ಮತ್ತೆ ಅಳೆಯಿರಿ. ಸ್ಕ್ರೂಡ್ರೈವರ್ ತಾಗಿಸಿ 'ಚಟ್' ಅನಿಸುವುದು ವಿಡಿಯೋಗೆ ಚೆಂದ, ಬೋರ್ಡಿಗಲ್ಲ. ಈ ಪ್ಯಾರಾ ಓದಿ ಧೈರ್ಯ ಕಮ್ಮಿಯಾಯಿತು ಅನ್ನಿಸಿದರೆ ಇಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ ಕೈಗೆ ಕೊಡಿ. ಇಷ್ಟರಲ್ಲೇ ನೀವು ಅವರ ಅರ್ಧ ಕೆಲಸ ಮುಗಿಸಿದ್ದೀರಿ.

ಒಳಗೆ ಏನೇನು ಹುಡುಕಬೇಕು? ತಲೆ ಉಬ್ಬಿದ, ಬುಡದಲ್ಲಿ ರಸ ಬಿಟ್ಟ ಕೆಪಾಸಿಟರ್ ಎಲ್ಲರಿಗೂ ಗೊತ್ತು. ಉಬ್ಬದೆಯೂ ಒಣಗುತ್ತವೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಸಬ್ ಆನ್ ಆಗಲು ನಿಮಿಷಗಟ್ಟಲೆ ತೆಗೆದುಕೊಂಡರೆ, ಬಿಸಿಯಾದ ಮೇಲೆ ಸರಿಯಾದರೆ, 'ಟಿಕ್ ಟಿಕ್' ಎಂದು ರಿಲೇ (ತಾನಾಗಿ ಆನ್-ಆಫ್ ಆಗುವ ಸ್ವಿಚ್) ಬಡಿದುಕೊಳ್ಳುತ್ತಿದ್ದರೆ ಅನುಮಾನ ಅವುಗಳ ಮೇಲೆ. ಬದಲಿಸುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಮೇಲಿರಲಿ, 105 ಡಿಗ್ರಿಯದ್ದೇ ಆಗಿರಲಿ, ಮೈನಸ್ ಪಟ್ಟಿಯ ದಿಕ್ಕು ತಪ್ಪದಿರಲಿ.

ಸಬ್‌ನ ಬೋರ್ಡ್ ಬೇರೆ ಆಂಪ್‌ಗಳ ಬೋರ್ಡಿನಂತಲ್ಲ. ಹುಟ್ಟಿದಾಗಿನಿಂದ ನಡುಗುತ್ತಲೇ ಇರುತ್ತದೆ. ಹಾಗಾಗಿ ಭಾರದ ಭಾಗಗಳ ಕಾಲಿನ ಬೆಸುಗೆಯಲ್ಲಿ ಉಂಗುರದಂಥ ಬಿರುಕು ಬೀಳುತ್ತದೆ. ಹತ್ತು ನಿಮಿಷ ಓಡಿ ನಿಲ್ಲುವ, ಮೇಲೆ ಗುದ್ದಿದರೆ ಮತ್ತೆ ಓಡುವ ಸಬ್‌ನ ಗುಟ್ಟು ಎಷ್ಟೋ ಸಲ ಇದೇ. ಟಾರ್ಚ್ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಬಿರುಕು ಕಂಡ ಕಡೆ ಹಳೆಯ ಸೀಸ ತೆಗೆದು ಹೊಸ ಬೆಸುಗೆ ಹಾಕಿ.

ನಡುಕ ತಡೆಯಲೆಂದು ಕಾರ್ಖಾನೆಯಲ್ಲಿ ಹಾಕಿದ ಹಳದಿ ಅಂಟೂ ಒಂದು ಶತ್ರು. ಬಿಸಿಗೆ ಅದು ಕಂದಾಗಿ, ಕರೆಂಟ್ ಹರಿಯಲು ಬಿಟ್ಟು, ಕಾಲುಗಳನ್ನು ತಿನ್ನುತ್ತದೆ. ಕಂದು ಅಂಟನ್ನೆಲ್ಲ ತಾಳ್ಮೆಯಿಂದ ಕೆರೆದು ತೆಗೆಯಿರಿ. ಅದರ ಹತ್ತಿರವೇ ಬೋರ್ಡ್ ಕಪ್ಪಾಗಿಸಿದ ದಪ್ಪ ರೆಸಿಸ್ಟರ್, ಪಕ್ಕದಲ್ಲಿ ಝೀನರ್ ಡಯೋಡ್ (ವೋಲ್ಟ್ ಒಂದೇ ಮಟ್ಟದಲ್ಲಿ ಹಿಡಿದಿಡುವ ಭಾಗ) ಇದ್ದರೆ ಎರಡನ್ನೂ ಅಳೆಯಿರಿ. ಇನ್‌ಪುಟ್ ಕಡೆಯ ಐಸಿಗಳಿಗೆ ಪ್ಲಸ್ 15, ಮೈನಸ್ 15 ವೋಲ್ಟ್ ಕೊಡುವ ಜೋಡಿ ಬಹುಪಾಲು ಅದೇ. ಒಂದು ಬದಿ ಹೋದರೂ ಸಬ್ ಮೂಕಾಗುತ್ತದೆ ಅಥವಾ ಕರ್ಕಶವಾಗುತ್ತದೆ.

ರಿಪೇರಿ ಮುಗಿದ ಮೇಲೆ ಮೊದಲ ಸಲ ನೇರ ಗೋಡೆಗೆ ಚುಚ್ಚಬೇಡಿ. ಹಳೆಯ ಫಿಲಮೆಂಟ್ ಬಲ್ಬ್, 60ರಿಂದ 100 ವ್ಯಾಟ್‌ನದು, ಸೀರೀಸ್‌ನಲ್ಲಿ ಹಾಕಿ, ಅಂದರೆ ಸಬ್‌ಗೆ ಹೋಗುವ ಕರೆಂಟ್ ಬಲ್ಬ್ ಮೂಲಕವೇ ಹೋಗಬೇಕು. ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಸಬ್ ಆದರೆ ಬಲ್ಬ್ ಒಮ್ಮೆ ಹೊಳೆದು ಮಂಕಾಗಬೇಕು. ಪೂರ್ತಿ ಬೆಳಕು ಉಳಿದರೆ ಶಾರ್ಟ್ ಇನ್ನೂ ಇದೆ. ಸ್ವಿಚಿಂಗ್ ಸಪ್ಲೈ ಇದ್ದರೆ ಬಲ್ಬ್ ಮಿಣಮಿಣ ಅನ್ನಬಹುದು, ಅದನ್ನೇ ದೋಷ ಅಂದುಕೊಳ್ಳಬೇಡಿ.

7. ಫೋಮ್ ಉದುರಿದ್ದರೆ

ಇದು ಮನೆಯಲ್ಲೇ ಮಾಡಬಹುದಾದ ಕೆಲಸ. ಬೇಕಾದದ್ದು ತಾಳ್ಮೆ ಮಾತ್ರ. ಕೋನ್‌ನ ಅಡ್ಡಳತೆ, ಚೌಕಟ್ಟಿನ ಒಳ ಮತ್ತು ಹೊರ ಅಳತೆ ಮೂರನ್ನೂ ತೆಗೆದುಕೊಂಡು ಅದಕ್ಕೆ ಹೊಂದುವ ಸರೌಂಡ್ ತರಿಸಿ. 'ಹತ್ತಿಂಚಿನದು' ಅಂದರೆ ಸಾಲದು. ಹಳೆಯ ಫೋಮ್, ಅಂಟು ಎಲ್ಲ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ತೆಗೆಯಿರಿ. ಹೊಸದನ್ನು ಮೊದಲು ಕೋನ್‌ಗೆ ಅಂಟಿಸಿ, ಒಣಗಲು ಬಿಡಿ. ಚೌಕಟ್ಟಿಗೆ ಅಂಟಿಸುವಾಗ ಸಣ್ಣ ಆಂಪ್‌ನಿಂದ 30 ಹರ್ಟ್ಸ್ ಟೋನ್ ತೀರ ಮೆಲ್ಲಗೆ ಕೊಡಿ. ಕೋನ್ ಅಲುಗುತ್ತಿರುವಾಗ ಕರಕರ ಸದ್ದು ಬರದ ಜಾಗದಲ್ಲಿ ಸರೌಂಡ್ ಒತ್ತಿ ಹಿಡಿಯಿರಿ. ಒಂದು ದಿನ ಪೂರ್ತಿ ಒಣಗಲಿ. ಅವಸರಪಟ್ಟು ಸಂಜೆಯೇ ಹಾಡು ಹಾಕಿದರೆ ಮತ್ತೆ ಮೊದಲಿನಿಂದ.

8. ಗಡಗಡ, ಬುಸ್ಸ್, ಮತ್ತು ಸೊರಗಿದ ಬೇಸ್

ಆಪ್‌ನಲ್ಲಿ 20ರಿಂದ 120 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಟೋನ್ ಹಾಕಿ, ವಾಲ್ಯೂಮ್ ಕಡಿಮೆ ಇರಲಿ. ಗಡಗಡ ಎಲ್ಲಿ ಬರುತ್ತದೋ ಅಲ್ಲೇ ಟೋನ್ ನಿಲ್ಲಿಸಿ, ಜಾಲರಿ, ಪ್ಲೇಟ್, ಕಾಲು ಒಂದೊಂದನ್ನೂ ಕೈಯಿಂದ ಒತ್ತಿ ನೋಡಿ. ಒತ್ತಿದಾಗ ನಿಂತದ್ದೇ ಅಪರಾಧಿ. ಅರ್ಧಕ್ಕರ್ಧ ಸಲ ಅದು ಸಬ್ಬೇ ಆಗಿರುವುದಿಲ್ಲ, ಕಿಟಕಿಯೋ ಕಪಾಟಿನ ಗಾಜೋ ಆಗಿರುತ್ತದೆ. ಒಳಗಿನ ವೈರ್ ಕೋನ್‌ಗೆ ಬಡಿಯುವುದೂ ಉಂಟು.

ಬುಸ್ಸ್ ಎಂದು ಗಾಳಿಯ ಸದ್ದು ಬಂದರೆ ಪ್ಲೇಟ್ ಮತ್ತು ಡ್ರೈವರ್‌ನ ಅಂಚಿಗೆ ತೆಳು ಕಾಗದದ ಚೂರು ಹಿಡಿಯಿರಿ. ಅಲುಗಿದ ಕಡೆ ಗ್ಯಾಸ್ಕೆಟ್ (ಗಾಳಿ ತಡೆಯುವ ಪಟ್ಟಿ) ಸೋರುತ್ತಿದೆ.

ಎಲ್ಲ ಸರಿಯಿದ್ದೂ ಬೇಸ್ ಸಾಲದಿದ್ದರೆ ಎದ್ದು ಕೋಣೆಯಲ್ಲಿ ಓಡಾಡಿ. 40 ಹರ್ಟ್ಸ್ ಸದ್ದಿನ ಅಲೆಯ ಉದ್ದ ಸುಮಾರು 8.6 ಮೀಟರ್. ಅಷ್ಟು ಉದ್ದದ ಅಲೆ ಗೋಡೆಗೆ ಬಡಿದು ಮರಳಿ ಬಂದಾಗ ಕೆಲವು ಜಾಗದಲ್ಲಿ ಎರಡು ಅಲೆ ಸೇರುತ್ತವೆ, ಕೆಲವು ಕಡೆ ಒಂದನ್ನೊಂದು ತಿನ್ನುತ್ತವೆ. ನಿಮ್ಮ ಕುರ್ಚಿ ತಿನ್ನುವ ಜಾಗದಲ್ಲಿರಬಹುದು. ಸಬ್ ಅನ್ನೇ ಕುರ್ಚಿಯ ಜಾಗದಲ್ಲಿಟ್ಟು, ಹಾಡು ಹಾಕಿ, ಗೋಡೆಯ ಅಂಚಿನಲ್ಲಿ ಅಂಬೆಗಾಲಿಡಿ. ಬೇಸ್ ಚೆನ್ನಾಗಿ ಕೇಳಿದ ಕಡೆ ಸಬ್ ಇಡಿ. ಮನೆಯವರು ನಗುತ್ತಾರೆ, ನಗಲಿ. ಆಮೇಲೆ ಮುಖ್ಯ ಸ್ಪೀಕರ್‌ಗಳೂ ಓಡುತ್ತಿರುವಾಗ ಫೇಸ್ ಸ್ವಿಚ್ (ಕೋನ್ ಅಲುಗುವ ದಿಕ್ಕು ಉಲ್ಟಾ ಮಾಡುವುದು) 0 ಮತ್ತು 180ರಲ್ಲಿ ಬದಲಿಸಿ. ಬೇಸ್ ಜಾಸ್ತಿ ಬಂದ ಕಡೆ ಬಿಡಿ.

9. ಆಂಪ್ ಹೋಗಿದೆ, ಡ್ರೈವರ್ ಚೆನ್ನಾಗಿದೆ

ಹೊಸ ಪ್ಲೇಟ್ ಆಂಪ್ ಹಾಕಬಹುದು. ಪೆಟ್ಟಿಗೆಯ ತೂತಿನ ಅಳತೆ, ಆಂಪ್‌ನ ಆಳ, ಡ್ರೈವರ್‌ನ ಓಂ ಮೂರೂ ಹೊಂದಬೇಕು. ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ. ಹಳೆಯ ಆಂಪ್ ತೆಗೆದು, ಆ ಜಾಗಕ್ಕೆ ದಪ್ಪ ಪ್ಲೈವುಡ್ ತುಂಡು, ಸುತ್ತ ಫೋಮ್ ಪಟ್ಟಿ, ನಡುವೆ ಎರಡು ಟರ್ಮಿನಲ್. ಗಾಳಿ ಸೋರಬಾರದು, ಅಷ್ಟೇ. ಹೊರಗಿನ ಒಂದು ಆಂಪ್‌ನಿಂದ ಡ್ರೈವರ್ ಓಡಿಸಿ, ಅದಕ್ಕೆ ರಿಸೀವರ್‌ನ ಸಬ್ ಔಟ್ ಕೊಡಿ. ಒಂದು ಮಾತು ಗಮನದಲ್ಲಿರಲಿ: ತೀರ ಕೆಳಗಿನ ಸದ್ದನ್ನು ಕತ್ತರಿಸಿ ಕೋನ್ ಕಾಯುವ ಫಿಲ್ಟರ್ ಎಷ್ಟೋ ಸಬ್‌ಗಳಲ್ಲಿ ಹಳೆಯ ಆಂಪ್‌ನೊಳಗೇ ಇರುತ್ತಿತ್ತು. ಅದೀಗ ಇಲ್ಲ. ಪೋರ್ಟ್ (ಗಾಳಿಯಾಡುವ ತೂತು) ಇರುವ ಪೆಟ್ಟಿಗೆಯಾದರೆ ಆಳದ ಬೇಸ್‌ಗೆ ಕೋನ್ ಅಂಕೆ ಮೀರಿ ಹಾರುತ್ತದೆ. ಮೊದಲ ದಿನ ವಾಲ್ಯೂಮ್ ಏರಿಸುವಾಗ ಕಣ್ಣು ಕೋನ್ ಮೇಲೇ ಇರಲಿ. 'ಟಕ್' ಎಂದು ಬಡಿದ ಸದ್ದು ಕೇಳಿದರೆ ತಕ್ಷಣ ಇಳಿಸಿ, ಆ ನಾಬ್ ಇದ್ದ ಜಾಗಕ್ಕೆ ಪೆನ್ನಿನಲ್ಲಿ ಒಂದು ಗುರುತು ಹಾಕಿಬಿಡಿ.